ಪುಟ್ಟನ ಖಾನ್‌ದಾನ್

ಮೊನ್ನೆ ಸೊಸೈಟಿಯ ಶೇರ್ ಸರ್ಟಿಫಿಕೇಟ್ ಹುಡುಕಲೆಂದು ಕಪಾಟಿನ ಕೆಳಗಿನ ಖಾನೆ ತೆಗೆದೆ. ಸರ್ಟಿಫಿಕೇಟ್ ಸಿಗಲಿಲ್ಲ, ಒಂದು ನಾಯಿಯ ವಂಶಾವಳಿ ಸಿಕ್ಕಿತು. ಲ್ಯಾಮಿನೇಟ್ ಮಾಡಿಸಿದ ದಪ್ಪ ಹಾಳೆ, ಮೂಲೆಯಲ್ಲಿ ಯಾವುದೋ ಕ್ಲಬ್ಬಿನ ಬಂಗಾರದ ಬಣ್ಣದ ಮುದ್ರೆ. ಅಪ್ಪ, ಅಮ್ಮ, ಅಜ್ಜಂದಿರು, ಅಜ್ಜಿಯರು, ಮುತ್ತಜ್ಜಿಯರು, ಎಲ್ಲರ ಹೆಸರೂ ಅದರಲ್ಲಿದೆ. ಯಾರು ಯಾವ ಬಣ್ಣ, ಯಾರು ಯಾವ ಸ್ಪರ್ಧೆಯಲ್ಲಿ ಗೆದ್ದವರು ಎಂಬುದೂ ಇದೆ. ನನ್ನ ಮುತ್ತಜ್ಜಿಯ ಹೆಸರೇನು ಎಂದು ನೀವು ಈಗ ಕೇಳಿದರೆ ನಾನು ಊರಿಗೆ ಫೋನು ಮಾಡಬೇಕಾಗುತ್ತದೆ. ಫೋನು ಎತ್ತಿದವರಿಗೂ ಅದು ಗೊತ್ತಿರುವುದು ಅನುಮಾನ.

ನಾಯಿ ನಮ್ಮದಲ್ಲ, ಶ್ರೀಪತಿ ರಾಯರದು. ಅದರ ಜಾತಕ ನನ್ನ ಕಪಾಟಿಗೆ ಬಂದ ಕಥೆಯಲ್ಲಿ ನನ್ನ ಪಾತ್ರ ಅಷ್ಟೇನೂ ಶೋಭಿಸುವಂಥದ್ದಲ್ಲ. ಅದಕ್ಕೇ ಇಷ್ಟು ದಿನ ಯಾರಿಗೂ ಹೇಳಿರಲಿಲ್ಲ.

ರಾಯರು ಉಡುಪಿ ಕಡೆಯವರು. ಠಾಣೆ ಪೂರ್ವದ ಕೋಪರಿಯಲ್ಲಿ, ಸ್ಟೇಷನ್ನಿನ ಮಗ್ಗುಲಲ್ಲೇ ಮೂವತ್ತು ವರ್ಷ ಹೋಟೆಲು ನಡೆಸಿದವರು. ಮಂಡಿನೋವು ಹೆಚ್ಚಾದ ಮೇಲೆ ಹೋಟೆಲನ್ನು ತಮ್ಮನಿಗೆ ಬಿಟ್ಟುಕೊಟ್ಟು, ಹೆಂಡತಿ ವಸಂತಕ್ಕನ ಜೊತೆ ಐರೋಲಿಯ ನಮ್ಮ ಕಟ್ಟಡದ ಎರಡನೇ ಮಾಳಿಗೆಗೆ ಬಂದರು. ನಮ್ಮದು ಏಳನೆಯದು. ಹೋಟೆಲು ಬಿಟ್ಟರೂ ಹೋಟೆಲಿನ ರೂಢಿ ಅವರನ್ನು ಬಿಡಲಿಲ್ಲ. ಬೆಳಗಾಗುವ ಮೊದಲೇ ಎದ್ದು ಅಡುಗೆಮನೆಗೆ ಹೋಗಿ, ದೋಸೆ ಹಿಟ್ಟಿಗೆ ಉಪ್ಪು ಸಾಕೇ, ಚಟ್ನಿ ನೀರಾಯಿತೇ ಎಂದು ಮೇಲ್ವಿಚಾರಣೆ ಮಾಡುತ್ತಿದ್ದರು. ನಾಲ್ಕು ತಿಂಗಳು ಸಹಿಸಿಕೊಂಡ ವಸಂತಕ್ಕ ಕೊನೆಗೆ, ನೀವೊಂದು ನಾಯಿ ಸಾಕಿ, ಅದಕ್ಕೆ ಬೇಕಾದಷ್ಟು ಹೇಳಿಕೊಳ್ಳಿ ಎಂದರಂತೆ.

ಆ ಮಾತನ್ನು ರಾಯರು ಗಂಭೀರವಾಗಿ ತೆಗೆದುಕೊಂಡು ಅದೇ ಸಂಜೆ ನಮ್ಮ ಮನೆಗೆ ಬಂದರು. ಕಟ್ಟಡದಲ್ಲಿ ನಾಯಿಯ ವಿಷಯ ತಿಳಿದವನು ನಾನೊಬ್ಬನೇ ಎಂಬುದು ಅವರ ನಂಬಿಕೆ. ಕಾರಣವಿಷ್ಟೆ: ನನ್ನೂರು ಬಾಗಲಕೋಟೆ ಜಿಲ್ಲೆ. ಮುಧೋಳ ನಮ್ಮೂರಿನಿಂದ ಎರಡು ಬಸ್ಸು ಬದಲಿಸಿ ಹೋಗುವಷ್ಟು ದೂರ. ಆದರೆ ಉಡುಪಿಯವರ ಲೆಕ್ಕದಲ್ಲಿ ಹುಬ್ಬಳ್ಳಿಯಿಂದ ಮೇಲಕ್ಕೆ ಇರುವುದೆಲ್ಲ ಒಂದೇ ಊರು.

"ಮುಧೋಳದವರಿಗೆ ನಾಯಿ ಗೊತ್ತಿಲ್ಲದಿದ್ರೆ ಮತ್ತೆ ಯಾರಿಗೆ ಗೊತ್ತುಂಟು ಮಾರಾಯ್ರೆ?" ಎಂದರು.

ನಿಜ ಹೇಳಬೇಕೆಂದರೆ ನನಗೆ ನಾಯಿಯೆಂದರೆ ಭಯ. ಇದಕ್ಕೆ ಮುಧೋಳದ ನಾಯಿಯೇ ಕಾರಣ. ನಮ್ಮ ಕಾಕಾ ಒಂದನ್ನು ಸಾಕಿದ್ದ. ಹೊಟ್ಟೆ ಬೆನ್ನಿಗಂಟಿದ, ಉದ್ದ ಮೂತಿಯ, ನಿಂತಲ್ಲೇ ಓಡುತ್ತಿರುವಂತೆ ಕಾಣುವ ಪ್ರಾಣಿ. ನಾನು ಏಳು ವರ್ಷದವನಿದ್ದಾಗ ಕೈಯಲ್ಲಿ ಬೆಲ್ಲದ ತುಂಡು ಹಿಡಿದು ಅದರ ಎದುರು ಹಾದುಹೋದೆ. ಅದು ಎದ್ದು ನಿಂತಿತು, ನಾನು ಓಡಿದೆ. ಮುಧೋಳದ ನಾಯಿಯ ಮುಂದೆ ಓಡಬಾರದು ಎಂದು ಯಾರೂ ನನಗೆ ಹೇಳಿರಲಿಲ್ಲ. ಜೋಳದ ಕಣಿಕೆಯ ಬಣವಿ ಹತ್ತಿ ಕೂತವನು ಹೊತ್ತು ಮುಳುಗುವವರೆಗೆ ಇಳಿಯಲಿಲ್ಲ. ಕಾಕಾ ನನ್ನನ್ನು ಇಳಿಸುವ ಬದಲು, ಬಂದಬಂದವರಿಗೆಲ್ಲ ನಾಯಿಯ ಓಟ ಎಂಥದೆಂದು ವರ್ಣಿಸುತ್ತ ಕೆಳಗೆ ನಿಂತಿದ್ದ.

ತಳಿ ನೋಡುವ ಚಟ ನಮ್ಮ ಮನೆಯಲ್ಲಿ ಇತ್ತೆಂಬುದು ಮಾತ್ರ ನಿಜ. ಅಜ್ಜನ ಕಾಲಕ್ಕೆ ಒಂದು ಕುದುರೆಯೂ ಇತ್ತು. ಅಜ್ಜ ಕುದುರೆಯನ್ನಾಗಲಿ ಎತ್ತನ್ನಾಗಲಿ ಕೊಳ್ಳುವಾಗ ಹಲ್ಲಿಗಿಂತ ಮೊದಲು ಸುಳಿ ನೋಡುತ್ತಿದ್ದ. ಹಣೆಯ ಮೇಲೆ ಕೂದಲು ಒಂದೇ ಕಡೆ ಸುತ್ತಿಕೊಂಡಿದ್ದರೆ ಮನೆಗೆ ಒಳ್ಳೆಯದು, ಎರಡು ಸುಳಿ ಎದುರುಬದುರಾಗಿದ್ದರೆ ಕೆಟ್ಟದ್ದು. ಹೀಗೆ ಆರಿಸಿ ತಂದ ಕುದುರೆ ಅಜ್ಜನನ್ನು ಎರಡು ಸಲ ಕೆಡವಿತು. ಆದರೂ ಆತನಿಗೆ ಸುಳಿಯ ಮೇಲಿನ ವಿಶ್ವಾಸ ಹೋಗಲಿಲ್ಲ. ಸೊಸೆ ಆರಿಸುವಾಗಲೂ ಅದೇ ಪರೀಕ್ಷೆ. ಮನೆಯ ಹೆಂಗಸರು ಎಣ್ಣೆ ಹಚ್ಚುವ ನೆಪದಲ್ಲಿ ನಮ್ಮವ್ವನ ತಲೆ ಬಗೆದು ಸುಳಿ ಎಣಿಸಿದ್ದರಂತೆ. ಅಷ್ಟೆಲ್ಲ ಜಾಗ್ರತೆಯಿಂದ ಮಾಡಿದ ಆಯ್ಕೆಗಳ ಫಲವಾಗಿ ಹುಟ್ಟಿದವನು ನಾನು.

ಹಾಗಿದ್ದೂ ರಾಯರಿಗೆ ಒಲ್ಲೆ ಎನ್ನಲಾಗಲಿಲ್ಲ. ನಾನು ಒಂದು ವಿಮಾ ಕಚೇರಿಯಲ್ಲಿ ಗುಮಾಸ್ತ. ಅರ್ಜಿಗಳಲ್ಲಿ ಮನೆಯವರ ಕಾಯಿಲೆಗಳ ಕಲಮು ಇರುತ್ತದಲ್ಲ, ಅಪ್ಪ ಎಷ್ಟನೇ ವಯಸ್ಸಿಗೆ ಹೋದರು, ಯಾತರಿಂದ ಹೋದರು, ಅಮ್ಮನಿಗೆ ಸಕ್ಕರೆ ಇದೆಯೇ ಎಂದು, ಅದನ್ನು ಓದಿ ಟಿಪ್ಪಣಿ ಬರೆಯುವುದೇ ನನ್ನ ಕೆಲಸ. ಇಷ್ಟು ವರ್ಷದಲ್ಲಿ ಯಾರೂ ನನ್ನನ್ನು ಯಾವುದರಲ್ಲೂ ಪರಿಣತನೆಂದು ಭಾವಿಸಿ ಮನೆ ಬಾಗಿಲಿಗೆ ಬಂದಿರಲಿಲ್ಲ. ಬಂದ ಮೊದಲನೆಯವರನ್ನು ನಿರಾಶೆಗೊಳಿಸುವುದು ಹೇಗೆ? ಆಗ್ಲಿ ರಾಯರ, ನೋಡೂಣು ಎಂದೆ.

ಟಿಟ್ವಾಳಾದಲ್ಲಿ ಮರಿ ಹಾಕಿಸಿ ಮಾರುವ ಒಬ್ಬ ಬ್ರೀಡರ್ ಇದ್ದ. ಭಾನುವಾರ ಐರೋಲಿಯಿಂದ ಠಾಣೆಗೆ ಹೋಗಿ, ಹಳಿ ದುರಸ್ತಿಗೆಂದು ಗಾಡಿ ನಿಲ್ಲಿಸುವ ಮೆಗಾಬ್ಲಾಕಿನ ದೆಸೆಯಿಂದ ಪ್ಲಾಟ್‌ಫಾರ್ಮಿನಲ್ಲಿ ಮುಕ್ಕಾಲು ತಾಸು ನಿಂತು, ತುಂಬಿದ ಲೋಕಲ್ ಹಿಡಿದು ಟಿಟ್ವಾಳಾ ಸೇರಿದೆವು. ರಾಯರು ಮೊದಲು ಗಣಪತಿಯ ದರ್ಶನ ಮಾಡಿದರು. ಒಳ್ಳೆಯ ನಾಯಿ ಸಿಗಲಿ ಎಂದು ಅವರು ಬೇಡಿಕೊಂಡರು, ಅದನ್ನು ಕಟ್ಟಿಹಾಕಿರಲಿ ಎಂದು ನಾನು ಬೇಡಿಕೊಂಡೆ.

ಬ್ರೀಡರ್ ಐವತ್ತರ ಆಸುಪಾಸಿನ ಮರಾಠಿ ಮನುಷ್ಯ. ಮೊದಲು ಪುಣೆಯ ಕಡೆ ರೇಸಿನ ಕುದುರೆ ಸಾಕುವಲ್ಲಿ ಕೆಲಸಕ್ಕಿದ್ದನಂತೆ. ನಾಯಿಗಳ ಮೇಲೆ ಅವನಿಗಿದ್ದ ಪ್ರೀತಿ ನಟನೆಯದಲ್ಲ. ಒಂದೊಂದರ ಹೆಸರು ಹಿಡಿದು ಕರೆದು, ಕಿವಿ ಒರೆಸಿ, ಬಾಯಿ ಬಿಡಿಸಿ ತೋರಿಸಿದ. ಆರು ಲ್ಯಾಬ್ರಡಾರ್ ಮರಿಗಳು ಅಂಗಳದಲ್ಲಿ ಉರುಳಾಡುತ್ತಿದ್ದವು. ಅದರಲ್ಲೊಂದು ನೇರವಾಗಿ ಬಂದು ರಾಯರ ಪ್ಯಾಂಟಿನ ತುದಿ ಕಚ್ಚಿ ಜಗ್ಗತೊಡಗಿತು. ರಾಯರ ಮಟ್ಟಿಗೆ ಆಯ್ಕೆ ಅಲ್ಲಿಗೆ ಮುಗಿದಿತ್ತು. ಆದರೆ ಪರಿಣತನೊಬ್ಬ ಜೊತೆಗಿದ್ದನಲ್ಲ. ಬ್ರೀಡರ್ ನನ್ನ ಕೈಗೆ ಈ ಹಾಳೆ ಕೊಟ್ಟ.

"ಸಾಬ್, ಕುತ್ತಾ ಬಾದ್ ಮೇ ದೇಖೋ, ಪೆಹಲೇ ಖಾನ್‌ದಾನ್ ದೇಖೋ" ಎಂದ. ನಾಯಿಯನ್ನು ಆಮೇಲೆ ನೋಡಿದರಾಯಿತು, ಮೊದಲು ಮನೆತನ ನೋಡಬೇಕು.

ನಾನು ಕನ್ನಡಕ ಏರಿಸಿ ಓದಿದೆ. ಕಚೇರಿಯ ರೂಢಿ, ಕಣ್ಣು ತಾನಾಗಿಯೇ ಮೇಲೆ ಕೆಳಗೆ ಹರಿದಾಡಿತು. ಮರಿಯ ಅಪ್ಪನ ಅಪ್ಪ ಚಾಂಪಿಯನ್ ಥಂಡರ್. ಅಮ್ಮನ ಅಪ್ಪ ಯಾರೆಂದು ನೋಡಿದರೆ ಅವನೂ ಚಾಂಪಿಯನ್ ಥಂಡರ್. ಇದೇನು ಇಬ್ಬರದೂ ಒಂದೇ ಹೆಸರು ಎಂದು ಕೇಳಿದೆ. ಹೆಸರಷ್ಟೇ ಅಲ್ಲ, ನಾಯಿಯೂ ಒಂದೇ ಎಂದು ಬ್ರೀಡರ್ ಹೆಮ್ಮೆಯಿಂದ ಹೇಳಿದ. ಥಂಡರನ ತಲೆ, ಥಂಡರನ ಎದೆ ಮರಿಗಳಿಗೆ ಹಾಗೆ ಹಾಗೇ ಇಳಿಯಬೇಕಾದರೆ ಹೀಗೇ ಕೂಡಿಸಬೇಕಂತೆ. ಇದಕ್ಕೆ ಲೈನ್ ಬ್ರೀಡಿಂಗ್ ಎನ್ನುತ್ತಾರಂತೆ. ಲೋಕದ ರೇಸ್ ಕುದುರೆಗಳೆಲ್ಲ ಗಂಡಿನ ಕಡೆಯಿಂದ ಮೂರೇ ಮೂರು ಕುದುರೆಗಳ ಸಂತಾನ, ಅವು ಓಡುತ್ತಿಲ್ಲವೇ ಎಂದು ನನ್ನನ್ನೇ ಕೇಳಿದ. ಕೊನೆಗೆ ಕೈ ಮುಷ್ಟಿ ಮಾಡಿ, "ಘರ್ ಕಾ ಖೂನ್ ಘರ್ ಮೇ" ಎಂದ.

ಮನೆಯ ರಕ್ತ ಮನೆಯಲ್ಲೇ. ಈ ಮಾತನ್ನು ನಾನು ಮೊದಲ ಸಲ ಕೇಳುತ್ತಿರಲಿಲ್ಲ. ನನ್ನ ಮದುವೆ ನಿಶ್ಚಯಿಸುವಾಗ ನಮ್ಮವ್ವ ಅಕ್ಷರಶಃ ಇದನ್ನೇ ಹೇಳಿದ್ದಳು. ಯಾಕೆಂದರೆ ನನ್ನ ಹೆಂಡತಿ ಸುಮಿತ್ರಾ ನನ್ನ ಸ್ವಂತ ಅಕ್ಕನ ಮಗಳು.

ನಮ್ಮ ಕಡೆಯವರಿಗೆ ಇದರಲ್ಲಿ ವಿಶೇಷವೇನೂ ಕಾಣದು. ಅಕ್ಕ ಅತ್ತೆಯಾದಳು, ಭಾವ ಮಾವನಾದ, ಮದುವೆಯ ಊಟಕ್ಕೆ ಎರಡೂ ಕಡೆಯ ಬೀಗರು ಒಂದೇ ಮನೆಯವರಾದ್ದರಿಂದ ಜಗಳಕ್ಕೆ ಜನ ಸಾಲದಾದರು. ತೊಂದರೆ ಶುರುವಾದದ್ದು, ಐರೋಲಿಗೂ ಮೊದಲು ನಾವಿದ್ದ ಡೊಂಬಿವಲಿಗೆ ಬಂದ ಮೇಲೆ. ಸುಮಿತ್ರಾ ಹುಟ್ಟಿದಾಗಿನಿಂದ ನನ್ನನ್ನು ಮಾಮಾ ಎಂದು ಕರೆದವಳು. ಮದುವೆಯಾದ ಮೇಲೆ ಬಿಟ್ಟಳಾದರೂ ಸಿಟ್ಟು ಬಂದಾಗ, ನಗು ಬಂದಾಗ, ಗಾಡಿ ಬಂದಾಗ ಬಾಯಿಗೆ ಬಂದುಬಿಡುತ್ತಿತ್ತು. ಒಂದು ಬೆಳಗ್ಗೆ ಡೊಂಬಿವಲಿ ಪ್ಲಾಟ್‌ಫಾರ್ಮಿನಲ್ಲಿ ನಾನು ಡಬ್ಬಿ ಮರೆತು ಗಾಡಿ ಹತ್ತುವಾಗ, ಮಾಮಾ ಡಬ್ಬಿ ಎಂದು ಇಡೀ ಸ್ಟೇಷನ್ನಿಗೆ ಕೇಳುವಂತೆ ಕೂಗಿದಳು. ನಮ್ಮ ಪಕ್ಕದ ಮನೆಯ ಮರಾಠಿ ಬಾಯಿ ಅಲ್ಲೇ ನಿಂತಿದ್ದರು. ಮರಾಠಿಯಲ್ಲೂ ಮಾಮಾ ಎಂದರೆ ಸೋದರಮಾವನೇ, ಆದರೆ ಅವರಲ್ಲಿ ಸೋದರಮಾವನನ್ನು ಮದುವೆಯಾಗುವಂತಿಲ್ಲ. ಆಕೆ ಒಂದು ತಿಂಗಳು ನಮ್ಮ ಮನೆಯ ಹೊಸ್ತಿಲು ತುಳಿಯಲಿಲ್ಲ. ಆಮೇಲಿಂದ ನಾನು ಮದುವೆಯ ಸಂಬಂಧದ ಮಾತು ಬಂದಲ್ಲೆಲ್ಲ ದೂರದ ನೆಂಟರು ಎಂದು ಹೇಳತೊಡಗಿದೆ.

ಸುಮಿತ್ರಾ ಬಸುರಿಯಾದಾಗ ಡಾಕ್ಟರ ಎದುರು ಈ ಸುಳ್ಳು ನಡೆಯಲಿಲ್ಲ. ಆ ಹೆಣ್ಣುಮಗಳು ಕಾಗದದ ಮೇಲೆ ನನಗೊಂದು ಚೌಕ, ಸುಮಿತ್ರಾಳಿಗೊಂದು ಸುತ್ತು ಬರೆದು, ನಡುವೆ ಒಂದು ಗೆರೆಯ ಬದಲು ಎರಡು ಗೆರೆ ಎಳೆದರು. ಇದ್ಯಾಕ್ರಿ ಎಂದೆ. ರಕ್ತಸಂಬಂಧದಲ್ಲಿ ಮದುವೆಯಾದರೆ ಹೀಗೆ ಬರೆಯುತ್ತಾರೆ ಎಂದರು. ಹೆಚ್ಚಿನ ಮಕ್ಕಳು ಚೆನ್ನಾಗಿಯೇ ಹುಟ್ಟುತ್ತವೆ, ಆದರೂ ಸ್ವಲ್ಪ ನಿಗಾ ಇರಲಿ ಎಂದು ಸಮಾಧಾನವನ್ನೂ ಹೇಳಿದರು. ನಾನು ಕಚೇರಿಯಲ್ಲಿ ಬೇರೆಯವರ ವಂಶದ ರೋಗಗಳನ್ನು ಓದುವಾಗ ಆ ಎರಡು ಗೆರೆ ಕಣ್ಣೆದುರು ಬರುತ್ತಿದ್ದವು. ಮಗಳು ಮೇಘನಾ ಗುಂಡುಗುಂಡಾಗಿ ಹುಟ್ಟಿದಳು, ಏನೂ ಆಗಲಿಲ್ಲ. ಅಲ್ಲಿಗೆ ಆ ವಿಷಯ ಮುಗಿಯಿತೆಂದು ತೀರ್ಮಾನಿಸಿ, ಯಾರ ಹತ್ತಿರವೂ ಅದರ ಬಗ್ಗೆ ಬಾಯಿಬಿಡಲಿಲ್ಲ.

ಹೀಗಿರುವಾಗ ಟಿಟ್ವಾಳಾದ ಅಂಗಳದಲ್ಲಿ ಥಂಡರನ ಹೆಸರಿನ ಮೇಲೆ ಬೆರಳಿಟ್ಟು ನಿಂತ ನಾನು ಏನೆಂದು ಹೇಳಲಿ? ಈ ಸಂಬಂಧ ಸರಿಯಲ್ಲ ಎಂದರೆ ನನ್ನ ಮನೆಯ ಮೇಲೆ ನಾನೇ ಕಲ್ಲು ಎಸೆದಂತೆ. ಜೊತೆಗೆ ಮರಿ ಆಗಲೇ ರಾಯರ ತೋಳಿನ ಮೇಲಿತ್ತು. ರಾಯರು ನನ್ನ ಮುಖ ನೋಡಿದರು. ಅವರ ನೋಟ ಒಂದು ಕ್ಷಣ ಹಾಳೆಯ ಮೇಲೂ ನಿಂತ ಹಾಗಿತ್ತು.

"ಚೊಲೊ ಮನೆತನ ಐತ್ರಿ" ಎಂದೆ.

ಮರಿಗೆ ಕಾಗದದಲ್ಲಿ ಯಾವುದೋ ರಾಜಕುಮಾರನ ಹೆಸರಿತ್ತು. ರಾಯರು ಪುಟ್ಟ ಎಂದು ಕರೆದರು. ಹಾಳೆಯನ್ನು ನನ್ನ ಕೈಯಲ್ಲೇ ಬಿಟ್ಟು, ಇದು ನಿಮ್ಮ ಹತ್ತಿರವೇ ಇರಲಿ, ನನಗೆ ಇದರಲ್ಲಿ ಎಂತ ತಿಳಿಯುತ್ತದೆ ಎಂದರು. ಮನೆಗೆ ತಂದಾಗ ಸುಮಿತ್ರಾ ಅದನ್ನು ಓದಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ನನ್ನಪ್ಪ ಮೇಘನಾಗೆ ಅಪ್ಪನ ಕಡೆಯಿಂದ ಅಜ್ಜ, ಅಮ್ಮನ ಕಡೆಯಿಂದ ಮುತ್ತಜ್ಜ. ನಮ್ಮ ಮನೆಯದೂ ಬರೆಸಿ ಲ್ಯಾಮಿನೇಟ್ ಮಾಡಿಸೋಣ ಮಾಮಾ ಎಂದಳು.

ಪುಟ್ಟ ಶುದ್ಧ ಸಸ್ಯಾಹಾರಿಯಾಗಿ ಬೆಳೆದ. ಇಡ್ಲಿ, ಮೊಸರನ್ನ, ಭಾನುವಾರ ಬನ್ಸು. ಹೊಳೆಯುವ ಮೈ, ದೊಡ್ಡ ತಲೆ, ಥಂಡರ್ ನೋಡಿದ್ದರೆ ಸಂತೋಷಪಡುತ್ತಿದ್ದ. ನನ್ನ ಕೀರ್ತಿಯೂ ಬೆಳೆಯಿತು. ಐರೋಲಿಯ ಬಿಸಿಲಿಗೆ ಹಸ್ಕಿ ತರಬಹುದೇ ಎಂದು ನಾಲ್ಕನೇ ಮಾಳಿಗೆಯವರು ಕೇಳಿದರು. ಪಗ್ ಯಾಕೆ ಗೊರಕೆ ಹೊಡೆಯುತ್ತದೆ ಎಂದು ಇನ್ನೊಬ್ಬರು ಕೇಳಿದರು. ನಾನು ಎಲ್ಲದಕ್ಕೂ ಮನೆತನ ನೋಡಬೇಕ್ರಿ ಎಂದು ಉತ್ತರಿಸುತ್ತಿದ್ದೆ. ಸಂಜೆ ರಾಯರೂ ನಾನೂ ಪುಟ್ಟನನ್ನು ಕರೆದುಕೊಂಡು ಸಮುದ್ರದ ಹಿನ್ನೀರು ಬರುವ ಖಾಡಿಯ ಕಡೆ ಸುತ್ತಾಡಲು ಹೋಗುತ್ತಿದ್ದೆವು. ಸರಪಳಿ ಅವರ ಕೈಯಲ್ಲಿ, ನಾನು ರಾಯರ ಆಚೆ ಬದಿಗೆ.

ಮೂರು ವರ್ಷ ತುಂಬಿದ ಮೇಲೆ ಪುಟ್ಟ ಸಂಜೆಗತ್ತಲಲ್ಲಿ ಮೆಟ್ಟಿಲ ಬಳಿ ನಿಂತುಬಿಡತೊಡಗಿದ. ಸರಪಳಿ ಜಗ್ಗಿದರೂ ಇಳಿಯಲೊಲ್ಲ. ಬನ್ಸು ಹೆಚ್ಚಾಗಿ ಸೋಮಾರಿಯಾಗಿದ್ದಾನೆ ಎಂದು ರಾಯರು ಅಂದರು. ಈ ವಯಸ್ಸಿನಾಗ ಹಟ ಇರ್ತದ್ರಿ ಎಂದು ನಾನು ಪರಿಣತನಾಗಿ ಹೇಳಿದೆ. ಆಮೇಲೆ ಅವನು ಹಗಲಿನಲ್ಲೇ ಬಕೆಟ್ಟಿಗೆ ಮುಗ್ಗರಿಸಿದ. ವಸಂತಕ್ಕ ಎಸೆದ ಇಡ್ಲಿ ಮೂಗಿನ ಎದುರೇ ಬಿದ್ದಿದ್ದರೂ ನೆಲವೆಲ್ಲ ಮೂಸಿ ಹುಡುಕಿದ. ಆಗ ಠಾಣೆಯ ಪಶುವೈದ್ಯೆಯ ಹತ್ತಿರ ಕರೆದುಕೊಂಡು ಹೋದೆವು. ಅವರು ಅವನ ಕಣ್ಣಿಗೆ ದೀಪ ಬಿಟ್ಟು ಬಹಳ ಹೊತ್ತು ನೋಡಿ, ವಂಶಾವಳಿ ಇದೆಯೇ ಎಂದರು. ನಾನು ಹಾಳೆ ಕೊಟ್ಟೆ.

ಕಣ್ಣಿನ ಹಿಂಭಾಗದ ಪದರು ಒಣಗುತ್ತ ಬರುವ ಕಾಯಿಲೆ ಇದು, ಹುಟ್ಟಿನಿಂದಲೇ ಬಂದದ್ದು, ನೋವಿಲ್ಲ, ಔಷಧಿಯೂ ಇಲ್ಲ ಎಂದು ಅವರು ಬಿಡಿಸಿ ಹೇಳಿದರು. ಪ್ರತಿಯೊಂದು ಗುಣಕ್ಕೂ ಅಪ್ಪನಿಂದ ಒಂದು ಪಾಲು, ಅಮ್ಮನಿಂದ ಒಂದು ಪಾಲು ಬರುತ್ತದೆ. ಈ ದೋಷ ಒಂದೇ ಕಡೆಯಿಂದ ಬಂದರೆ ಅದು ಒಳಗೇ ಸುಮ್ಮನಿರುತ್ತದೆ, ನಾಯಿ ಆರೋಗ್ಯವಾಗಿಯೇ ಬಾಳುತ್ತದೆ. ಸುಮ್ಮನಿರುವ ಎರಡು ಒಂದೆಡೆ ಸೇರಿದಾಗ ಮಾತ್ರ ಕಣ್ಣು ಹೋಗುತ್ತದೆ. ಎರಡೂ ಕಡೆಗೆ ಅಜ್ಜ ಒಬ್ಬನೇ ಆದ ಮರಿಗಳಲ್ಲಿ ಹಾಗೆ ಸೇರುವ ಸಂಭವ ಜಾಸ್ತಿ. ಕೂಡಿಸುವ ಮೊದಲು ರಕ್ತ ಪರೀಕ್ಷೆ ಮಾಡಿಸಿದ್ದರೆ ತಿಳಿಯುತ್ತಿತ್ತು ಎನ್ನುತ್ತ ಪೆನ್ನಿನಿಂದ ಥಂಡರನ ಎರಡು ಹೆಸರಿಗೂ ಸುತ್ತು ಹಾಕಿದರು.

ಹೊರಗೆ ಬಂದ ಮೇಲೆ ನಾನು ರಾಯರಿಗೆ ಹೇಳಿದೆ, ಆ ಹೆಸರನ್ನು ನಾನು ಅವತ್ತೇ ನೋಡಿದ್ದೆ ಎಂದು. ರಾಯರು ರಿಕ್ಷಾದಲ್ಲಿ ಪುಟ್ಟನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಹೊರಗೆ ನೋಡುತ್ತ ಕೂತಿದ್ದರು. ಮರುದಿನ ಸಂಜೆ ಕರೆಯಲು ಬರಲಿಲ್ಲ. ಹದಿನೈದು ದಿನ ಬರಲಿಲ್ಲ. ಲಿಫ್ಟಿನಲ್ಲಿ ಸಿಕ್ಕರೆ ಅವರು ಗುಂಡಿಗಳನ್ನು ನೋಡುತ್ತಿದ್ದರು, ನಾನು ಚಪ್ಪಲಿ ನೋಡುತ್ತಿದ್ದೆ.

ಕೊನೆಗೆ ಸುಮಿತ್ರಾಳೇ, ನೋಡಿದ್ದು ಹೇಳಿದಿರಿ, ಯಾಕ ಸುಮ್ಮನಿದ್ದಿರಿ ಅನ್ನೂದು ಯಾರು ಹೇಳಬೇಕು ಎಂದು ನನ್ನನ್ನು ಕೆಳಗೆ ಅಟ್ಟಿದಳು. ರಾಯರ ಹಜಾರದಲ್ಲಿ ಕೂತು, ಅಕ್ಕನ ಮಗಳನ್ನು ಮದುವೆಯಾದದ್ದರಿಂದ ಹಿಡಿದು ಡಾಕ್ಟರ ಎರಡು ಗೆರೆಯವರೆಗೆ ಎಲ್ಲ ಹೇಳಿದೆ. ಅಂಥವನು ನಾಯಿಯ ಸಂಬಂಧಕ್ಕೆ ಹೆಸರಿಡುವುದು ಹೇಗೆಂದು ಸುಮ್ಮನಾದೆ ಎಂದೆ. ರಾಯರು ಎಲ್ಲ ಕೇಳಿ, ಪುಟ್ಟನ ಬೆನ್ನು ಸವರುತ್ತ ಹೇಳಿದರು:

"ನಾನೂ ಅವತ್ತು ಓದಿದ್ದೆ ಮಾರಾಯ್ರೆ. ಅಷ್ಟು ಇಂಗ್ಲಿಷ್ ನಂಗೂ ಬರ್ತದೆ. ನಿಮ್ಮ ಮನೆಯವರು ಲಿಫ್ಟಲ್ಲಿ ನಿಮ್ಮನ್ನು ಮಾಮಾ ಅಂತ ಕರೆದದ್ದು ಕೇಳಿದ್ದೆ. ಇದು ತಪ್ಪಲ್ವಾ ಅಂತ ನಿಮ್ಮೆದುರು ಕೇಳಿದ್ರೆ ನಿಮಗೆ ಬೇಜಾರಾದೀತು ಅಂತ ಸುಮ್ಮನಾದೆ."

ಹದಿನೈದು ದಿನ ಅವರು ಮುಖ ತಪ್ಪಿಸಿದ್ದು ನನ್ನ ಮೇಲಿನ ಸಿಟ್ಟಿಗಲ್ಲ, ನಾನು ಬಾಯಿಬಿಟ್ಟ ಮೇಲೂ ತಮಗೆ ಬಾಯಿಬಿಡಲಾಗಲಿಲ್ಲವೆಂಬ ನಾಚಿಕೆಗೆ. ಮರ್ಯಾದಸ್ಥರಿಬ್ಬರು ಒಬ್ಬರಿಗೊಬ್ಬರು ನೋವಾಗಬಾರದೆಂದು ಎಷ್ಟು ಚೆನ್ನಾಗಿ ನಡೆದುಕೊಂಡಿದ್ದೆವೆಂದರೆ, ಕಣ್ಣು ಹೋಗಲಿದ್ದ ಮರಿಯೊಂದನ್ನು ಇಬ್ಬರೂ ಕಣ್ಣುಮುಚ್ಚಿ ಮನೆಗೆ ತಂದಿದ್ದೆವು. ವಸಂತಕ್ಕ ಕಾಫಿ ತಂದಿಟ್ಟು, ಆ ಬ್ರೀಡರ್ ಇನ್ನೂ ಮರಿ ಹಾಕಿಸ್ತಾ ಇರ್ಬಹುದಲ್ಲ ಎಂದರು. ಅದು ನಮ್ಮಿಬ್ಬರಿಗೂ ಹೊಳೆದಿರಲಿಲ್ಲ.

ಮುಂದಿನ ಭಾನುವಾರ ಟ್ಯಾಕ್ಸಿ ಮಾಡಿ, ಪುಟ್ಟನನ್ನೂ ಕರೆದುಕೊಂಡು ಟಿಟ್ವಾಳಾಕ್ಕೆ ಹೋದೆವು. ವಸಂತಕ್ಕ ಅಂದದ್ದು ಸರಿಯಾಗಿತ್ತು. ಅದೇ ತಂದೆತಾಯಿಯ ಹೊಸ ಮರಿಗಳು ಅಂಗಳದಲ್ಲಿದ್ದವು, ಕಲ್ಯಾಣದಿಂದ ಬಂದ ಎಳೆಯ ದಂಪತಿ ಒಂದನ್ನು ಎತ್ತಿಕೊಂಡು ನಿಂತಿದ್ದರು. ಗಂಡನ ಕೈಯಲ್ಲಿ ಹಾಳೆಯಿತ್ತು. ನಾನು ಹೋಗಿ ಎರಡು ಹೆಸರನ್ನೂ ತೋರಿಸಿ, ನಮ್ಮ ನಾಯಿಗೆ ಏನಾಯಿತೆಂದು ನನ್ನ ಒಡಕು ಹಿಂದಿಯಲ್ಲಿ ಹೇಳಿದೆ. ಬ್ರೀಡರಿಗೆ ಸಿಟ್ಟು ಬಂತು. ಇಷ್ಟು ಮರಿಗಳಲ್ಲಿ ಒಂದಕ್ಕೆ ಹಾಗಾದರೆ ರಕ್ತದ ದೋಷವೇ, ನೀವೇನು ಡಾಕ್ಟರೇ ಎಂದ. ಆ ಹುಡುಗಿಯೂ, ಅಂಕಲ್, ನಿಮಗೆ ಇದೆಲ್ಲ ಹೇಗೆ ಗೊತ್ತು ಎಂದು ಕೇಳಿದಳು.

ಇಷ್ಟು ವರ್ಷ ದೂರದ ನೆಂಟರೆಂದು ಹೇಳಿಕೊಂಡು ಬಂದವನು ಅವತ್ತು, ಮೂವರು ಅಪರಿಚಿತರ ಎದುರು, ನನ್ನ ಹೆಂಡತಿ ನನ್ನ ಅಕ್ಕನ ಮಗಳು, ಈ ಹೆದರಿಕೆ ಏನೆಂದು ನನಗೆ ಗೊತ್ತು ಎಂದುಬಿಟ್ಟೆ. ಜೀವನದಲ್ಲಿ ಮೊದಲ ಸಲ ಧೈರ್ಯದ ಕೆಲಸ ಮಾಡಿದೆ ಅನಿಸಿತು. ಬ್ರೀಡರ್ ನನ್ನನ್ನು ಮೇಲಿಂದ ಕೆಳಗೆ ನೋಡಿ, ಮಕ್ಕಳಿದ್ದಾರೆಯೇ ಎಂದ. ಮಗಳಿದ್ದಾಳೆ ಎಂದೆ. ಚೆನ್ನಾಗಿದ್ದಾಳೆಯೇ ಎಂದ. ಚೆನ್ನಾಗಿದ್ದಾಳೆ, ಇಂಜಿನಿಯರಿಂಗ್ ಓದುತ್ತಿದ್ದಾಳೆ ಎಂದೆ. ಬ್ರೀಡರ್ ದಂಪತಿಯ ಕಡೆ ತಿರುಗಿ ಎರಡೂ ಕೈ ಚಾಚಿದ, ಇನ್ನೇನು ಬೇಕು ಎನ್ನುವ ಹಾಗೆ. ನನ್ನ ಧೈರ್ಯದ ಮಾತು ಅವನ ಪರವಾಗಿ ಸಾಕ್ಷಿ ಹೇಳಿ ಮುಗಿಸಿತ್ತು. ಹುಡುಗ ಹಾಳೆ ಮಡಚಿ ಜೇಬಿಗಿಡತೊಡಗಿದ.

ಅಷ್ಟರಲ್ಲಿ ಒಳಗಿನಿಂದ ಪುಟ್ಟನ ತಾಯಿ ಬೊಗಳಿತು. ರಾಯರ ಪಕ್ಕ ನಿಂತಿದ್ದ ಪುಟ್ಟ ಕಿವಿ ನಿಗುರಿಸಿದ. ಗುರುತು ಹತ್ತಿತೋ ಏನೋ, ಬಾಲ ಅಲ್ಲಾಡಿಸುತ್ತ ಆ ದನಿಯ ಕಡೆ ನೇರ ಓಡಿದ. ರಾಯರ ಕೈಯಿಂದ ಸರಪಳಿ ಜಾರಿತು. ದಾರಿಯ ನಡುವೆ ನೀರಿನ ಡ್ರಮ್ಮಿತ್ತು, ನೀಲಿಯದು, ಆಳೆತ್ತರದ್ದು. ಪುಟ್ಟ ವೇಗ ಕಡಿಮೆ ಮಾಡದೆ ಹೋಗಿ ಅದಕ್ಕೆ ಬಡಿದ. ಖಾಲಿ ಡ್ರಮ್ಮು ದೊಡ್ಡದಾಗಿ ಸದ್ದು ಮಾಡಿತು. ಅವನು ಒಂದು ಹೆಜ್ಜೆ ಹಿಂದೆ ಸರಿದು, ಮೂಗಿನಿಂದ ಡ್ರಮ್ಮನ್ನು ಮುಟ್ಟಿ ನೋಡಿ, ಅದರ ಸುತ್ತು ಬಳಸಿಕೊಂಡು, ಇನ್ನೂ ಬಾಲ ಅಲ್ಲಾಡಿಸುತ್ತಲೇ ಮುಂದೆ ಹೋದ.

ಹುಡುಗಿ ಮರಿಯನ್ನು ಮೆಲ್ಲನೆ ಕೆಳಗೆ ಬಿಟ್ಟಳು. ಪರೀಕ್ಷೆ ಮಾಡಿಸಿ, ಆಮೇಲೆ ಬರುತ್ತೇವೆ ಎಂದು ಹುಡುಗ ಹೇಳಿದ. ಅವರು ಹೋದ ಮೇಲೆ ಬ್ರೀಡರ್ ಪುಟ್ಟನ ಮುಖವನ್ನು ಎರಡೂ ಕೈಯಲ್ಲಿ ಹಿಡಿದು, ಬೆಳಕಿನ ಕಡೆ ತಿರುಗಿಸಿ ಬಹಳ ಹೊತ್ತು ನೋಡಿದ. ಇವನನ್ನು ಇಲ್ಲೇ ಬಿಡಿ, ಬೇರೆ ಮನೆತನದ ಮರಿ ಕೊಡುತ್ತೇನೆ ಎಂದ. ರಾಯರು ತಲೆ ಅಲ್ಲಾಡಿಸಿ ಸರಪಳಿ ಎತ್ತಿಕೊಂಡರು. ಆ ಪರೀಕ್ಷೆ ಎಲ್ಲಿ ಮಾಡುತ್ತಾರೆ ಎಂದು ಅವನು ನಾವು ಹೊರಡುವಾಗ ಕೇಳಿದ. ನಾನು ಪಶುವೈದ್ಯೆಯ ವಿಳಾಸ ಬರೆದುಕೊಟ್ಟೆ. ಆ ತಾಯಿನಾಯಿಗೆ ಮತ್ತೆ ಮರಿ ಹಾಕಿಸಲಿಲ್ಲವೆಂದು ಎಷ್ಟೋ ದಿನದ ಮೇಲೆ ತಿಳಿಯಿತು.

ಟ್ಯಾಕ್ಸಿಯಲ್ಲಿ ರಾಯರು, ಮನೆಯವರ ವಿಷಯ ನೀವು ಅಲ್ಲಿ ಹೇಳಬೇಕಾಗಿರಲಿಲ್ಲ ಎಂದರು. ಹೇಳದಿದ್ರ ಅವರು ಕೇಳ್ತಿರಲಿಲ್ರಿ ಎಂದೆ, ಸ್ವಲ್ಪ ಎದೆಯುಬ್ಬಿಸಿ.

"ಅವರು ಕೇಳಿದ್ದು ನಿಮ್ಮ ಮಾತಲ್ಲ ಮಾರಾಯ್ರೆ, ಡ್ರಮ್ಮಿನ ಸದ್ದು" ಎಂದರು ರಾಯರು.

ಆದರೂ ಮನೆಗೆ ಬಂದವನು ಸುಮಿತ್ರಾಳನ್ನು ಎದುರು ಕೂಡಿಸಿಕೊಂಡು ಮೊದಲಿನಿಂದ ಹೇಳತೊಡಗಿದೆ. ಮೂವರು ಅಪರಿಚಿತರ ಎದುರು ನಾನು ಹೇಗೆ ನಿಂತೆ, ನಮ್ಮ ಸಂಬಂಧವನ್ನು ಹೇಗೆ ಮುಚ್ಚಿಡದೆ ಹೇಳಿದೆ, ಬ್ರೀಡರ್ ಏನೆಂದ, ನಾಯಿ ಹೇಗೆ ಓಡಿ ಡ್ರಮ್ಮಿಗೆ ಬಡಿಯಿತು. ಅವಳು ಅಲ್ಲಿಗೆ ಕೈ ಅಡ್ಡ ಮಾಡಿ ತಡೆದಳು.

"ಡ್ರಮ್ ಬಡದು ಪುಟ್ಟಗ ಪೆಟ್ಟಾತೇನು?"

ಮೂಗು ಸ್ವಲ್ಪ ತರಚಿದೆ ಅಷ್ಟೇ ಎಂದೆ. ನನ್ನ ಧೈರ್ಯದ ಬಗ್ಗೆ ಅವಳಿನ್ನೂ ಏನೂ ಹೇಳಿರಲಿಲ್ಲವಾದ್ದರಿಂದ ಕಥೆಯನ್ನು ಮತ್ತೆ ಆ ಜಾಗದಿಂದಲೇ ಎತ್ತಿಕೊಳ್ಳಬೇಕೆಂದಿದ್ದೆ. ಅವಳು ಆಗಲೇ ಅರಿಶಿನದ ಡಬ್ಬಿ ಹಿಡಿದು ಲಿಫ್ಟಿನ ಗುಂಡಿ ಒತ್ತಿದ್ದಳು.